ಜೋಡಿದಾರ

“ಇದು ಯಾರ ಮೀಸೆ? ನಿಮ್ಮಪ್ಪಂದಾ?”

ನಮ್ಮ ಸೂಪರ್‌ವೈಸರ್ ಬೆಕ್ಕು ಒಂದು ಬಾಟಲಿಯನ್ನು ನನ್ನ ತಂಗಿಯ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದ. ಸೂಜಿಮದ್ದಿನ ಪುಟ್ಟ ಗಾಜಿನ ಬಾಟಲಿ. ಒಳಗೆ ನೀರಿನಂಥ ತಿಳಿ ಮದ್ದು, ಅದರಲ್ಲಿ ಒಂದು ಕೂದಲೆಳೆ ಸಾವಕಾಶವಾಗಿ ತಿರುಗುತ್ತಿತ್ತು.

“ಕೇಳಿಸ್ತೇನೇ ಮುಂಡೇದೆ? ಈ ಕೂದ್ಲು ಯಾರದೋ ಮಗು ಮೈಯೊಳಗೆ ಹೋದ್ರೆ ನಿಮ್ಮಮ್ಮ ಬಂದು ತೆಗೀತಾಳಾ?”

ತಂಗಿ ಬಾಟಲಿ ನೋಡುತ್ತಿರಲಿಲ್ಲ. ಅವನ ಕಿವಿಯ ಪಕ್ಕದ ಗಾಳಿಯನ್ನು ನೋಡುತ್ತಿದ್ದಳು, ಅಲ್ಲಿ ಇನ್ನೊಬ್ಬರು ಯಾರೋ ನಿಂತಿರುವ ಹಾಗೆ.

“ಕಣ್ಣು ಮಂಜಾಗಿತ್ತು ಸಾರ್.”

“ಮಂಜಲ್ಲ, ಮಲಗಿದ್ದೆ. ನೀರು ಕುಡಿಯೋ ಗಂಟೆ ಹೊಡೆಯೋಕೆ ಸ್ವಲ್ಪ ಮುಂಚೆ. ಗೋಡೆ ಕಡೆ ಮುಖ ಮಾಡ್ಕೊಂಡು, ಬಾಯಿ ಬಿಟ್ಕೊಂಡು. ಹೌದೋ ಅಲ್ವೋ?”

ಹೌದು. ಆದರೆ ಆ ಹೊತ್ತಿನಲ್ಲಿ ಅವನು ಕೋಣೆಯಲ್ಲೇ ಇರಲಿಲ್ಲ. ನಾನು ಕಣ್ಣಾರೆ ನೋಡಿದ್ದೆ, ಅವನು ಕೆಳಗಿನ ಮಹಡಿಗೆ ಇಳಿದುಹೋಗಿದ್ದ.

“ಯಾರು ಹೇಳಿದ್ರು ಅಂತ ಹುಡುಕ್ತಿದ್ದೀಯಾ? ಹುಡುಕು. ಈ ಸಾಲಲ್ಲೇ ಕೂತಿದ್ದಾರೆ. ನಿನ್ನ ತಟ್ಟೆಗೇ ಕೈ ಹಾಕಿ ಉಣ್ಣೋರು.” ಬಾಟಲಿಯನ್ನು ಕಸದ ಡಬ್ಬಿಗೆ ಎಸೆದ. “ಇವತ್ತು ನಿಂತ್ಕೊಳ್ಳೋ ಪಾಳಿ ಇವಳಿಗೆ.”

ಬಾಯಲ್ಲಿದ್ದ ಲವಂಗವನ್ನು ಕಟಕ್ಕೆಂದು ಕಡಿದು ಹೊರಟುಹೋದ. ಅವನ ಬೂಟಿನ ಅಡಿಗೆ ರಬ್ಬರು. ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ಅದಕ್ಕೇ ಅವನಿಗೆ ಬೆಕ್ಕು ಎಂದು ಹೆಸರು.

ನಿಂತುಕೊಳ್ಳುವ ಪಾಳಿ ಎಂದರೆ ಇಷ್ಟೇ. ಉಳಿದವರು ಮಲಗಲು ಹೋದಾಗ ನೀನು ಪ್ಯಾಕಿಂಗ್ ಕೋಣೆಯ ಕಂಬದ ಪಕ್ಕ ನಿಂತಿರಬೇಕು. ಕೆಲಸ ಇಲ್ಲ. ಒರಗುವಂತಿಲ್ಲ. ಕಾವಲಿನವನು ಆಗಾಗ ಬಂದು ಮೊಣಕಾಲಿನ ಹಿಂದೆ ಲಾಠಿಯಿಂದ ಮೆಲ್ಲಗೆ ತಟ್ಟುತ್ತಾನೆ, ಮಡಚಿಕೊಂಡರೆ ಮಲಗಿದ್ದೆ ಎಂದು ಲೆಕ್ಕ. ಅಲ್ಲಿಂದ ನೇರ ಮತ್ತೆ ಸ್ಟೂಲಿಗೆ. ನನ್ನ ತಂಗಿಗಿಂತ ಮುಂಚೆ ಆ ಸ್ಟೂಲಿನಲ್ಲಿದ್ದ ಹೆಂಗಸು ಹಾಗೆ ಮೇಲಿಂದ ಮೇಲೆ ನಿಂತವಳು, ಒಂದು ದಿನ ಮಹಡಿಯ ಮೇಲೆ ಬಟ್ಟೆ ಒಣಗಿಸಲು ಹೋಗಿ, ಮೆಟ್ಟಿಲು ಇನ್ನೂ ಇದೆ ಅಂದುಕೊಂಡು ಗಾಳಿಯ ಮೇಲೆ ಕಾಲಿಟ್ಟಳು. ತಂಗಿ ಈಗಾಗಲೇ ನಡೆಯುವಾಗ ನೆಲವನ್ನು ಪಾದದಿಂದ ತಡವಿ ನೋಡಿ ಹೆಜ್ಜೆ ಇಡುತ್ತಿದ್ದಳು. ನಿಂತುಕೊಳ್ಳಲು ಇನ್ನೊಂದು ಸಲ ತಂಗಿಯ ಹೆಸರು ಬಂದರೆ ಇವಳೂ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಾಗಿತ್ತು.

ನಮ್ಮ ಕೆಲಸ ಕಣ್ಣಿನದು. ಮುಂದೆ ಬೆಳಕಿನ ಪೆಟ್ಟಿಗೆ, ಅದರ ಮುಂದೆ ಓಡುವ ಪಟ್ಟಿ, ಪಟ್ಟಿಯ ಮೇಲೆ ಬಾಟಲಿಗಳು. ಎತ್ತಬೇಕು, ತಲೆಕೆಳಗು ಮಾಡಬೇಕು, ಬೆಳಕಿಗೆ ಹಿಡಿದು ಚುಕ್ಕೆ, ಎಳೆ, ಗಾಜಿನ ಚೂರು ಏನಾದರೂ ಇದೆಯೇ ನೋಡಬೇಕು, ಇಡಬೇಕು. ದೊಡ್ಡ ಆರ್ಡರು ಬಂದಿದೆ ಎಂದು ಒಂದು ಪಾಳಿಯ ಬೆನ್ನಿಗೆ ಇನ್ನೊಂದು ಪಾಳಿ ಅಂಟಿಸಿದ್ದರು. ಅಂಟಿಸಿದ್ದನ್ನು ಬಿಚ್ಚಲೇ ಇಲ್ಲ. ಕಿಟಕಿಗಳಿಗೆ ಕಪ್ಪು ಬಣ್ಣ ಬಳಿದಿದ್ದರು, ಹೊರಗಿನ ಬೆಳಕು ಬಿದ್ದರೆ ಚುಕ್ಕೆ ಕಾಣುವುದಿಲ್ಲವಂತೆ. ಹಾಗಾಗಿ ನಮಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ, ಗಂಟೆ ಮಾತ್ರ. ಮಲಗುವ ಕೋಣೆಯ ಹಾಸಿಗೆಗೆ ನಾವು ಹೋಗುವ ಹೊತ್ತಿಗೆ ಇನ್ನೊಬ್ಬಳ ಮೈಬಿಸಿ ಅದರಲ್ಲಿ ಇನ್ನೂ ಇರುತ್ತಿತ್ತು. ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಮತ್ತೊಬ್ಬಳು ಬಂದು ಕಾಲು ಎಳೆಯುತ್ತಿದ್ದಳು, “ಏಳೇ, ನನ್ನ ಸರದಿ.”

ಅದಕ್ಕೇ ದಾರ. ಅದು ನಮ್ಮದೇ ಉಪಾಯ. ಪೆಟ್ಟಿಗೆ ಕಟ್ಟುವ ಗಟ್ಟಿ ದಾರವನ್ನು ಪಕ್ಕಪಕ್ಕದ ಇಬ್ಬರು ಎಡಗೈ ಮಣಿಕಟ್ಟಿಗೆ ಕಟ್ಟಿಕೊಳ್ಳುವುದು. ಒಬ್ಬಳ ಕೈ ಜೋತುಬಿದ್ದರೆ ಇನ್ನೊಬ್ಬಳಿಗೆ ಎಳೆತ ಬಡಿಯುತ್ತದೆ, ಅವಳು ವಾಪಸು ಎಳೆಯುತ್ತಾಳೆ. ನನ್ನ ಜೋಡಿ ದರ್ಜಿಯ ಹೆಂಡತಿ. ತಂಗಿಯ ಜೋಡಿ ಗುಂಡಕ್ಕ. ಗುಂಡಕ್ಕ ಬಂದಾಗ ಗುಂಡಗೆ ಇದ್ದಳು, ಈಗ ಅವಳ ರವಿಕೆಯೊಳಗೆ ಇನ್ನೊಬ್ಬಳು ಹಿಡಿಸುತ್ತಾಳೆ, ಹೆಸರು ಮಾತ್ರ ಉಳಿದಿದೆ.

ನಿದ್ದೆ ಇಲ್ಲದಿದ್ದರೆ ಬರೀ ಕಣ್ಣು ಉರಿಯುತ್ತದೆ ಎಂದುಕೊಂಡಿದ್ದೆ. ಅಲ್ಲ. ಮೊದಲು ಚರ್ಮ ನೋಯುತ್ತದೆ, ಉಟ್ಟ ಸೀರೆಯೇ ತರಚುತ್ತದೆ. ಬೆರಳು ಊದಿಕೊಳ್ಳುತ್ತವೆ. ಹಸಿವು ಯಾವುದು, ವಾಂತಿ ಯಾವುದು ತಿಳಿಯುವುದಿಲ್ಲ. ಆಮೇಲೆ ಮಾತು ಕಳೆದುಹೋಗುತ್ತದೆ. ಒಂದು ದಿನ ನಾನು ಊಟದ ಮನೆಯಲ್ಲಿ ಚಮಚ ತೋರಿಸಿ “ಅದು, ಅದು, ಬಾಯಿಗೆ ಹಾಕೋದು” ಎಂದೆ. ಗುಂಡಕ್ಕ ತನ್ನ ಬೆರಳು ಚಾಚಿದಳು. ನಾವಿಬ್ಬರೂ ನಗಲು ಶುರು ಮಾಡಿದೆವು, ನಿಲ್ಲಿಸಲಾಗಲಿಲ್ಲ, ಆ ನಗು ಹಾಗೇ ಅಳುವಾಯಿತು, ಯಾವಾಗ ಆಯಿತೋ ಗೊತ್ತಾಗಲಿಲ್ಲ. ಬೆಳಕಿನ ಪೆಟ್ಟಿಗೆಯ ಮೇಲೆ ಇರುವೆ ಹರಿಯುತ್ತಿದ್ದವು. ಒರೆಸಿದರೆ ಇರುವೆ ಇಲ್ಲ. ಎಲ್ಲರಿಗೂ ಏನೇನೋ ಕಾಣಿಸುತ್ತಿತ್ತು, ಯಾರ್ಯಾರೋ ಬರುತ್ತಿದ್ದರು.

“ನನಗೆ ನಮ್ಮತ್ತೆ ಬರ್ತಾಳೆ ಕಣೆ,” ಎಂದಿದ್ದಳು ಗುಂಡಕ್ಕ. “ಬದುಕಿದ್ದಾಗ ಒಂದಿನಾನೂ ತಲೆ ಸವರಿದೋಳಲ್ಲ. ಈಗ ಬಂದು ಸವರ್ತಾಳೆ. ಏನತ್ತೆ, ಮೇಲೆ ಯಾರೂ ಸೊಸೇರು ಸಿಗ್ಲಿಲ್ವಾ ಬೈಯೋಕೆ, ಅಂತ ಕೇಳಿದೆ.”

ನನಗೆ ಅಮ್ಮ ಬರುತ್ತಿದ್ದಳು. ಬಾಟಲಿ ತಿರುಗಿಸುತ್ತಿದ್ದ ಹಾಗೆಯೇ ಹಿಂದೆ ಬಂದು ನಿಂತು ತಲೆಯ ಮೇಲೆ ಕೈ ಇಡುತ್ತಿದ್ದಳು. ಸುಸ್ತಾಯ್ತಾ ಎನ್ನುತ್ತಿದ್ದಳು. ಒಂದೇ ಒಂದು ವಿಚಿತ್ರ, ಅವಳ ಉಸಿರು ಲವಂಗದ ವಾಸನೆ ಹೊಡೆಯುತ್ತಿತ್ತು. ಅಮ್ಮ ಲವಂಗ ಬಾಯಿಗೆ ಹಾಕಿದ್ದನ್ನು ನಾನು ನೋಡಿಲ್ಲ.

ನಿಂತುಕೊಳ್ಳುವ ಪಾಳಿ ಮುಗಿಸಿ ಬಂದ ತಂಗಿಯ ಮೂಗಿನಿಂದ ರಕ್ತ ಬಂತು. ಕಾರ್ಖಾನೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅವಳ ಕಣ್ಣಿಗೆ ಟಾರ್ಚು ಬಿಟ್ಟರು, ನಾಲಿಗೆ ನೋಡಿದರು.

“ಏನಿಲ್ಲ, ಆಯಾಸ. ಮೊಬೈಲ್ ನೋಡೋದು ಕಮ್ಮಿ ಮಾಡಮ್ಮಾ.”

“ಮೊಬೈಲು ಗೇಟಲ್ಲೇ ಇಸ್ಕೊಂಡುಬಿಟ್ಟಿದಾರೆ ಡಾಕ್ಟ್ರೇ,” ಎಂದೆ.

“ಒಳ್ಳೇದೇ ಆಯ್ತು. ಬೇಗ ಮಲಗೋ ಅಭ್ಯಾಸ ಮಾಡ್ಕೋ.”

ತಂಗಿ ಕಿಸಕ್ಕೆಂದು ನಕ್ಕಳು.

“ಏನೇ ಅದು ನಗು? ತಮಾಷೆ ಮಾಡ್ತಿದೀನಾ ನಾನು? ಇಂಥೋರನ್ನೆಲ್ಲಾ ಯಾಕೆ ಕರ್ಕೊಂಡು ಬರ್ತೀರಿ, ನಡೀರಿ ಆಚೆ.”

ಅವರ ಹಿಂದೆ ಮಂಚವಿತ್ತು. ಮಂಚದ ಮೇಲೆ ದಿಂಬು, ನಡುವೆ ತಲೆಯ ಗುಳಿ ಇನ್ನೂ ಏಳದೆ ಹಾಗೇ ಇತ್ತು. ಹಸಿದವರು ಅನ್ನ ನೋಡುವ ಹಾಗೆ ತಂಗಿ ಅದನ್ನು ನೋಡಿದಳು. ಬಾಗಿಲಿನವರೆಗೆ ಅವಳ ಕತ್ತು ತಿರುಗಿಯೇ ಇತ್ತು.

ಅಷ್ಟು ಹೊತ್ತಿಗೆ ಊಟದ ಮನೆಯಲ್ಲಿ ಮಾತು ನಿಂತುಹೋಗಿತ್ತು. ಯಾರು ಯಾರ ಪಕ್ಕ ಕೂತರು ಎಂದು ಎಲ್ಲರೂ ನೋಡುವವರೇ. ಯಾರಾದರೂ ಕೆಮ್ಮಿದರೆ ಅದು ಸನ್ನೆಯೇ ಇರಬೇಕು ಅನ್ನಿಸುತ್ತಿತ್ತು. ಬೆಕ್ಕಿಗೆ ಎಲ್ಲವೂ ಗೊತ್ತಾಗುತ್ತಿತ್ತು, ಒಂದು ರೆಪ್ಪೆ ಮುಚ್ಚಿದ್ದು ಕೂಡ.

“ಆ ದರ್ಜಿ ಹೆಂಡ್ತೀನೇ,” ಗುಂಡಕ್ಕ ನನ್ನ ಕಿವಿಯಲ್ಲಿ ಹೇಳಿದಳು. “ಬೇರೆ ಯಾರೂ ಅಲ್ಲ. ಇಷ್ಟು ದಿನದಲ್ಲಿ ಅವಳು ಒಂದ್ಸಲಾನಾದ್ರೂ ನಿಂತಳಾ? ಹೇಳು.”

ನಿಂತಿರಲಿಲ್ಲ. ಒಂದು ಪಾಳಿಯಲ್ಲಿ ನಾನು ಪಾಯಿಖಾನೆಯ ಬಾಗಿಲಿಗೆ ತಲೆ ಕೊಟ್ಟು ಮಲಗಿದ್ದು ದರ್ಜಿಯ ಹೆಂಡತಿಗೆ ಮಾತ್ರ ಗೊತ್ತಿತ್ತು. ಅವಳೇ ಬಾಗಿಲು ಬಡಿದು ಎಬ್ಬಿಸಿದವಳು. ಮಾರನೆಯ ಪಾಳಿಗೆ ಬೆಕ್ಕು ನನ್ನ ಮುಂದೆ ನಿಂತು, “ಪಾಯಿಖಾನೆ ಬಾಗಿಲು ಮೆತ್ತಗಿತ್ತಾ?” ಎಂದು ಕೇಳಿದ. ಆ ದಿನ ನಾನು ಕಂಬದ ಪಕ್ಕ ನಿಂತೆ. ನಿಂತಿರುವಷ್ಟು ಹೊತ್ತೂ ದರ್ಜಿಯ ಹೆಂಡತಿಯ ಮುಖವನ್ನೇ ಅಗಿಯುತ್ತಿದ್ದೆ.

ಬಂದವಳೇ ಅವಳ ಜುಟ್ಟು ಹಿಡಿದೆ.

“ಎಷ್ಟಕ್ಕೆ ಮಾರ್ಕೊಂಡೆಯೇ ನಮ್ಮನ್ನ, ಹಡಬೆ?”

“ಬಿಡೇ, ನಾನಲ್ಲ ಕಣೆ! ನನ್ನ ಮಗಳಾಣೆ ನಾನಲ್ಲ!”

“ಮತ್ತೆ ಯಾರೇ? ಬಾಗಿಲು ಹೇಳ್ತಾ?”

“ನಂಗೇನು ಗೊತ್ತು? ನೀನೇ ಹೇಳಿದ್ದೀಯೇನೋ!”

ಕೆನ್ನೆಗೆ ಬಾರಿಸಿದೆ. ಹಲ್ಲಿನಿಂದ ಕಚ್ಚಿ ದಾರ ಕಡಿದೆ. ಸಾಲಿನಲ್ಲಿ ಒಬ್ಬಳೂ ಬಿಡಿಸಲು ಬರಲಿಲ್ಲ. ಅಂದಿನಿಂದ ಅವಳ ಜೊತೆ ಯಾರೂ ದಾರ ಕಟ್ಟಲಿಲ್ಲ. ಅವಳು ತನ್ನ ತೊಡೆಯನ್ನು ತಾನೇ ಚಿವುಟಿಕೊಳ್ಳುತ್ತಾ ಕೂರುತ್ತಿದ್ದಳು. ಒಂದು ಪಾಳಿಯ ಕೊನೆಯಲ್ಲಿ ಅವಳ ತಲೆ ಮುಂದಕ್ಕೆ ವಾಲಿತು. ನಾನು ನೋಡಿದೆ. ಎಳೆಯಲು ದಾರ ಇರಲಿಲ್ಲ, ಆದರೆ ಕೈ ಇತ್ತು. ಕೈ ಚಾಚಲಿಲ್ಲ. ಅವಳ ಕೆನ್ನೆ ಬೆಳಕಿನ ಪೆಟ್ಟಿಗೆಯ ತಗಡಿನ ಮೇಲೆ ಬಿತ್ತು. ಆ ತಗಡು ಕಾವಲಿಯ ಹಾಗೆ ಕಾದಿರುತ್ತದೆ. ಚುರ್ ಎಂದ ಮೇಲೂ ಅವಳಿಗೆ ತಕ್ಷಣ ಎಚ್ಚರವಾಗಲಿಲ್ಲ.

“ನಾಟಕ,” ಎಂದಿತು ಸಾಲಿನಲ್ಲಿ ಯಾವುದೋ ದನಿ. ಯಾರದೆಂದು ಕೇಳಬೇಡಿ, ನನ್ನದೇ ಇದ್ದರೂ ಇರಬಹುದು.

ಅವಳನ್ನು ರೋಗಿಗಳ ಕೋಣೆಗೆ ಒಯ್ದರು. ಇನ್ನು ನೆಮ್ಮದಿ ಎಂದುಕೊಂಡೆವು. ಆದರೆ ಮರುದಿನವೇ ಬೆಕ್ಕು ಬಂದು ಗುಂಡಕ್ಕನ ಮುಂದೆ ನಿಂತು, ಅವಳು ಯಾವಾಗ ತೂಕಡಿಸಿದಳು, ಯಾವ ಕಡೆ ವಾಲಿದಳು ಎಲ್ಲಾ ಹೇಳಿದ.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ದರ್ಜಿಯ ಹೆಂಡತಿಯ ದಾರ ಕಡಿದ ಮೇಲೆ ನಾನು, ತಂಗಿ, ಗುಂಡಕ್ಕ ಮೂವರೂ ಒಂದೇ ದಾರದಲ್ಲಿದ್ದೆವು. ಗುಂಡಕ್ಕ ಅಲ್ಲದಿದ್ದರೆ ಇನ್ನು ಉಳಿದದ್ದು ಯಾರು? ತಂಗಿ ಸಣ್ಣವಳಿದ್ದಾಗಲೂ ಚಾಡಿ ಹೇಳುತ್ತಿದ್ದಳಲ್ಲ ಎಂದು ಯೋಚಿಸುತ್ತಾ ಅವಳ ಕಡೆ ತಿರುಗಿದರೆ, ಅವಳು ಆಗಲೇ ನನ್ನನ್ನು ನೋಡುತ್ತಿದ್ದಳು.

“ಅಕ್ಕಾ,” ಎಂದಳು. “ನೀನಾ?”

ನಾನು ಬಾಟಲಿಯ ಕಡೆ ತಿರುಗಿದೆ. ಬಾಯಿ ತೆರೆದರೆ ಬೈಗುಳ ಬರುತ್ತಿತ್ತು.

ನನ್ನನ್ನು ಉಳಿಸಿದ್ದು ಹಲ್ಲುನೋವು. ಮುಂದಿನ ಪಾಳಿಯಲ್ಲಿ ಬಲಗಡೆಯ ದವಡೆ ಹಲ್ಲು ಎದ್ದು ಕೂತಿತು. ಕಿವಿಯವರೆಗೆ ಕುಟುಕುವ ನೋವು. ಎಷ್ಟೋ ಕಾಲದ ಮೇಲೆ ನಾನು ಪೂರಾ ಎಚ್ಚರವಾಗಿದ್ದೆ. ನೀರಿನ ಗಂಟೆ ಇನ್ನೂ ಹೊಡೆದಿರಲಿಲ್ಲ. ಸಾಲಿನ ಅಷ್ಟೂ ಜನ ಕಣ್ಣು ತೆರೆದುಕೊಂಡು ಕೂತಿದ್ದರು, ಕೈಗಳು ಬಾಟಲಿ ಎತ್ತುತ್ತಿದ್ದವು, ತಿರುಗಿಸುತ್ತಿದ್ದವು, ಇಡುತ್ತಿದ್ದವು. ಆದರೆ ಆ ಕಣ್ಣುಗಳೊಳಗೆ ಯಾರೂ ಇರಲಿಲ್ಲ. ಕೈಗಳಷ್ಟೇ ಎಚ್ಚರವಾಗಿದ್ದವು. ದಾರಕ್ಕೆ ಅದು ತಿಳಿಯುವುದಿಲ್ಲ, ಕೈ ಜೋತುಬಿದ್ದರೆ ತಾನೇ ಎಳೆತ.

ಬೆಕ್ಕು ಬಂದ. ನಾನೂ ಉಳಿದವರ ಹಾಗೆ ಬಾಟಲಿ ತಿರುಗಿಸುತ್ತಾ ಕೂತೆ, ಅವನು ನನ್ನನ್ನು ದಾಟಿ ಹೋದ. ತಂಗಿಯ ಹಿಂದೆ ಬಗ್ಗಿ ನಿಂತ. ಕೈಯನ್ನು ಮೆತ್ತಗೆ ಅವಳ ನೆತ್ತಿಯ ಮೇಲಿಟ್ಟ. ಆಮೇಲೆ ಅವನ ಬಾಯಿಂದ ಬಂದದ್ದು ಗಂಡಸಿನ ದನಿಯಲ್ಲ, ಹೆಂಗಸಿನದೂ ಅಲ್ಲ, ಬರೀ ಪಿಸುದನಿ.

“ಪುಟ್ಟೀ… ಸುಸ್ತಾಯ್ತಾ ಮಗಾ?”

ತಂಗಿಯ ತುಟಿ ಅರಳಿತು. ಆ ನಗುವನ್ನು ನಾನು ಎಷ್ಟು ದಿನದಿಂದ ನೋಡಿರಲಿಲ್ಲವೋ. “ಹೂಂ ಅಮ್ಮಾ.”

“ಯಾರ್ಯಾರು ಮಲ್ಗಿದ್ರು ಇವತ್ತು? ಅಮ್ಮಂಗೆ ಹೇಳು.”

“ಗುಂಡಕ್ಕ ಮಲ್ಗಿದ್ಳು. ಅಕ್ಕಂಗೆ ಹಲ್ಲುನೋವು, ಪಾಪ. ಅಮ್ಮಾ, ನಾನೂ ಮಲ್ಗಿದ್ದೆ, ಬೈಬೇಡ.”

“ಇಲ್ಲ ಬಂಗಾರಿ. ಬೈಯಲ್ಲ.”

ಅವಳ ಕೈ ಒಂದು ಬಾಟಲಿ ಇಟ್ಟು ಇನ್ನೊಂದನ್ನು ಎತ್ತಿತು. ಅವನು ಗುಂಡಕ್ಕನ ಹಿಂದೆ ಹೋಗಿ ಬಗ್ಗಿದ.

“ಬನ್ನಿ ಅತ್ತೆ,” ಎಂದಳು ಗುಂಡಕ್ಕ, ಅವನು ಬಾಯಿ ತೆರೆಯುವ ಮೊದಲೇ. “ಎಲ್ರೂ ಮಲ್ಗಿದ್ರು. ನಾನೊಬ್ಳೇ ಎದ್ದಿರೋದು ನಿಮ್ಮನೇಲಿ.”

ಅವನು ಹಾಗೆಯೇ ಸಾಲಿನ ಕೊನೆಯವರೆಗೂ ಹೋದ. ಹೋದ ದಾರಿಯುದ್ದಕ್ಕೂ ಲವಂಗದ ವಾಸನೆ.

ದರ್ಜಿಯ ಹೆಂಡತಿ ಅಂದಿದ್ದು ನೆನಪಾಯಿತು. ನೀನೇ ಹೇಳಿದ್ದೀಯೇನೋ. ಅಮ್ಮ ಬಂದು ತಲೆ ಸವರಿ, ತಂಗಿ ಎಲ್ಲಿ ಮಲಗಿದ್ದಳು ಮಗಾ, ಎಂದು ಕೇಳಿದ್ದು ಆ ಕೂದಲಿನ ಗಲಾಟೆಗೆ ಮುಂಚೆಯೋ ಆಮೇಲೋ? ಗೋಡೆ ಕಡೆ ಮುಖ ಮಾಡ್ಕೊಂಡು ಅಮ್ಮಾ, ಎಂದು ನಾನು ಹೇಳಿದ್ದೆ. ಮುಂಚೆಯೇ ಇರಬೇಕು.

ಊಟದ ಮನೆಯಲ್ಲಿ ಹೇಳಿದೆ. ಯಾರೂ ನಂಬಲಿಲ್ಲ.

“ಎಲ್ಲಾ ನೀನೇ ಊದಿಬಿಟ್ಟು ಈಗ ಕತೆ ಕಟ್ತೀಯಾ?” ಎಂದಳು ಗುಂಡಕ್ಕ. “ಕಣ್ಣು ಬಿಟ್ಕೊಂಡು ಯಾರಾದ್ರೂ ನಿದ್ದೆ ಮಾಡ್ತಾರಾ? ನಾವೇನು ಮೀನಾ?”

“ಇವತ್ತು ನಿಮ್ಮತ್ತೆ ಬಂದಿದ್ಳಾ?”

“ಬಂದಿದ್ಳು. ಅದಕ್ಕೂ ಇದಕ್ಕೂ ಏನು ಸಂಬಂಧ?”

“ಎಲ್ರೂ ಮಲ್ಗಿದ್ರು, ನಾನೊಬ್ಳೇ ಎದ್ದಿರೋದು ನಿಮ್ಮನೇಲಿ. ಹಿಂಗಂದ್ಯಾ ಇಲ್ವಾ ಅವಳಿಗೆ?”

ಗುಂಡಕ್ಕನ ಕೈಯಲ್ಲಿದ್ದ ಅನ್ನ ತಟ್ಟೆಗೆ ಬಿತ್ತು. “ಅದು… ಅದು ಕನಸಲ್ವೇನೇ?”

“ಅವಳ ಬಾಯಿ ವಾಸನೆ ಏನು?”

ಪಕ್ಕದ ಬೆಂಚಿನಿಂದ ಒಬ್ಬಳು ಸಣ್ಣಗೆ, “ಲವಂಗ,” ಎಂದಳು. “ನಮ್ಮಪ್ಪ ಬರ್ತಾರೆ ನಂಗೆ. ಅವರೂ ಲವಂಗಾನೇ.” ಇನ್ನೊಬ್ಬಳು ತಲೆಯ ಮೇಲೆ ಸೆರಗು ಎಳೆದುಕೊಂಡು, ಯಾರೋ ಮುಟ್ಟಿದ್ದನ್ನು ಒರೆಸಿಕೊಳ್ಳುವ ಹಾಗೆ ಉಜ್ಜತೊಡಗಿದಳು.

“ಬೋಳಿಮಗ,” ಎಂದಳು ಗುಂಡಕ್ಕ. ಅವಳ ಕಣ್ಣು ತುಂಬಿತ್ತು. “ಕೊನೇಗಾಲಕ್ಕಾದ್ರೂ ಪ್ರೀತಿ ಬಂತು ಮುದುಕಿಗೆ ಅಂತ ಖುಷಿಪಟ್ಟಿದ್ದೆ ಕಣೆ ನಾನು.”

ತಂಗಿ ನನ್ನ ಮಣಿಕಟ್ಟು ಹಿಡಿದುಕೊಂಡು ಕೂತಿದ್ದಳು.

ಏನು ಮಾಡುವುದು ಎಂದು ಗೊತ್ತುಮಾಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆದರೆ ಇನ್ನೊಂದು ಭಯವಿತ್ತು. ಕಣ್ಣು ಒಂದು ಗಳಿಗೆ ಹತ್ತಿದರೆ ಇದನ್ನೂ ಯಾರೋ ಅಮ್ಮನಿಗೆ ಹೇಳಿಬಿಡುತ್ತಿದ್ದರು. ನಮ್ಮ ಬಾಯನ್ನು ನಾವೇ ನಂಬುವಂತಿರಲಿಲ್ಲ. ಹಾಗಾಗಿ ಊಟ ಮುಗಿದ ತಕ್ಷಣದ ಪಾಳಿಯಲ್ಲೇ ಆಗಬೇಕಿತ್ತು.

“ಮಲ್ಗಿದ ಹಾಗೆ ನಾಟಕ ಮಾಡೋದಾ?” ಎಂದು ಕೇಳಿದಳು ಗುಂಡಕ್ಕ.

“ಬೇಡ. ನಿಜವಾಗ್ಲೂ ಮಲ್ಗಿ. ಅವನು ನನ್ನ ಹತ್ರ ಬಂದ ಮೇಲೆ.”

“ಅಷ್ಟು ಸುಲಭದ ಕೆಲ್ಸ ಈ ಕಾರ್ಖಾನೇಲಿ ಇದೇ ಮೊದ್ಲು ಬಿಡು.”

ಪಾಳಿ ಶುರುವಾಗುವ ಹೊತ್ತಿಗೆ ದರ್ಜಿಯ ಹೆಂಡತಿ ವಾಪಸು ಬಂದಳು. ಅರ್ಧ ಮುಖಕ್ಕೆ ಪಟ್ಟಿ. ಯಾರನ್ನೂ ನೋಡದೆ ತನ್ನ ಸ್ಟೂಲಿನಲ್ಲಿ ಕೂತು ತೊಡೆಯ ಮೇಲೆ ಬೆರಳು ಇಟ್ಟುಕೊಂಡಳು, ಚಿವುಟಲು ಸಿದ್ಧವಾಗಿ. ನಾನು ದಾರದ ತುದಿ ಚಾಚಿದೆ.

“ಈಗ್ಯಾಕೆ?”

“ಕಟ್ಕೋ. ಹೇಳ್ತೀನಿ.”

“ನಿನ್ನನ್ನ ನಂಬಲ್ಲ ಕಣೆ ನಾನು.”

“ನಂಬ್ಬೇಡ. ಕಟ್ಕೋ.”

ಅವಳು ಬಹಳ ಹೊತ್ತು ದಾರವನ್ನೇ ನೋಡಿದಳು. ಆಮೇಲೆ ಕಟ್ಟಿಕೊಂಡಳು, ನನ್ನ ಕೈಯಿಂದಲ್ಲ, ತಾನೇ, ಹಲ್ಲಿನಿಂದ ಗಂಟು ಬಿಗಿದು. ಅವಳ ಕಿವಿಯಲ್ಲಿ ಎಲ್ಲಾ ಹೇಳಿದೆ. ಈ ಸಲ ಜೋಡಿ ಜೋಡಿಯಲ್ಲ. ನನ್ನಿಂದ ಶುರುವಾಗಿ ಸಾಲಿನ ಕೊನೆಯ ಹೆಂಗಸಿನವರೆಗೆ ಒಂದೇ ದಾರ. ನನ್ನ ಕಡೆ ಒಂದು ತುದಿ ಉದ್ದ ಬಿಟ್ಟು, ಎಳೆದರೆ ಬಿಗಿಯುವ ಹಾಗೆ ಕುಣಿಕೆ ಮಾಡಿ ಮಡಿಲಲ್ಲಿ ಇಟ್ಟುಕೊಂಡೆ.

ಪಟ್ಟಿ ಓಡಿತು. ಎತ್ತಿದೆವು, ತಿರುಗಿಸಿದೆವು, ಇಟ್ಟೆವು. ಯಾರ ಕೈಯಾದರೂ ನಿಧಾನವಾದರೆ ಸಾಲಿಗೆ ಸಾಲೇ ಜಗ್ಗುತ್ತಿತ್ತು. ಅವರಲ್ಲಿ ಒಬ್ಬಳಾದರೂ ಈಗಾಗಲೇ ಹೇಳಿಬಿಟ್ಟಿದ್ದಾಳೆ, ಅವನು ಬರುವುದೇ ಇಲ್ಲ, ಎಂದು ನನಗೆ ಅನ್ನಿಸತೊಡಗಿತು. ಯಾರಿರಬಹುದು ಎಂದು ಒಂದೊಂದೇ ಮುಖ ನೋಡುತ್ತಾ ಬಂದೆ. ಅವರೂ ಹಾಗೆಯೇ ನೋಡುತ್ತಿದ್ದರು.

ಆಗ ಲವಂಗದ ವಾಸನೆ ಬಂತು.

ನಾನು ಕಣ್ಣನ್ನು ಸಡಿಲ ಬಿಟ್ಟೆ. ನೆತ್ತಿಯ ಮೇಲೆ ಕೈ ಬಿತ್ತು. ಇಷ್ಟು ಕಾಲ ಅಮ್ಮನದು ಎಂದುಕೊಂಡಿದ್ದ ಕೈ. ನಿಜ ಹೇಳುತ್ತೇನೆ, ಗೊತ್ತಿದ್ದೂ ನನ್ನ ಮೈ ಒಂದು ಗಳಿಗೆ ಅದಕ್ಕೆ ಒರಗಿತು.

“ಪುಟ್ಟೀ… ಸುಸ್ತಾಯ್ತಾ?”

“ಹೂಂ ಅಮ್ಮಾ.” ಮಗು ಮಾಡುವ ಹಾಗೆ ಆ ಕೈಯನ್ನು ತಲೆಯಿಂದ ಇಳಿಸಿ ಕೆನ್ನೆಗೆ ಒತ್ತಿಕೊಂಡೆ. ಅವನು ಬಿಡಿಸಿಕೊಳ್ಳಲಿಲ್ಲ. ನಾನು ಎಚ್ಚರವಾದರೆ ಎಂಬ ಹೆದರಿಕೆ ಇರಬೇಕು.

“ಯಾರ್ಯಾರು ಮಲ್ಗಿದ್ರು ಮಗಾ?”

“ಇನ್ನೂ ಯಾರೂ ಮಲ್ಗಿಲ್ಲಮ್ಮಾ,” ಎಂದೆ, ಕುಣಿಕೆಯನ್ನು ಅವನ ಮಣಿಕಟ್ಟಿನ ಮೇಲೆ ಜಾರಿಸಿ ಎಳೆಯುತ್ತಾ. “ಈಗ ಮಲಗ್ತಾರೆ.”

ಸಾಲಿನಲ್ಲಿ ಮೊದಲು ಗುಂಡಕ್ಕನ ತಲೆ ಬೆಂಚಿಗೆ ಇಳಿಯಿತು. ಆಮೇಲೆ ತಂಗಿಯದು. ದರ್ಜಿಯ ಹೆಂಡತಿ ಸುಡದ ಕೆನ್ನೆಯನ್ನು ಕೆಳಗೆ ಮಾಡಿ ಮಲಗಿದಳು. ಒಬ್ಬೊಬ್ಬಳಾಗಿ ಕೊನೆಯವರೆಗೂ. ಬಾಟಲಿಗಳು ಯಾರೂ ಎತ್ತದೆ ಪಟ್ಟಿಯ ತುದಿಗೆ ಹೋಗಿ ನೆಲಕ್ಕೆ ಬೀಳತೊಡಗಿದವು.

“ಏಯ್! ಏಳ್ರೇ! ಬಿಡೇ ಕೈ, ಬೇವರ್ಸಿ!” ಈಗ ಅದು ಅವನದೇ ದನಿ.

“ಮೆಲ್ಲಗೆ ಸಾರ್,” ಎಂದೆ. “ಮಕ್ಳು ಮಲ್ಗಿದಾರೆ.”

ಅವನು ಶಕ್ತಿ ಹಾಕಿ ಕೈ ಎಳೆದ. ಸಾಲಿನುದ್ದಕ್ಕೂ ಎಡಗೈಗಳು ಒಂದರ ಹಿಂದೆ ಒಂದು ಮೇಲೆದ್ದು, ಹಾಗೇ ಇಳಿದವು. ಯಾರಿಗೂ ಎಚ್ಚರವಾಗಲಿಲ್ಲ.